ತೊಲೆಯ ಎಡತುದಿ

ಕುರ್ಚಿಯನ್ನು ಮೈದಾನದ ನಡುವೆ ಇಟ್ಟು, ಅದರ ಬೆನ್ನನ್ನೇ ಸ್ಟೀಪಲ್‌ಚೇಸ್ ಓಟದ ಅಡ್ಡತೊಲೆ ಎಂದು ತಿಳಿಯಬೇಕೆಂದು ಮಹಾಬಳೇಶ್ವರ ಸರ್ ಹೇಳಿದಾಗ ಅಗ್ನೆಸ್ ತೀರ್ಪುಗಾರರಾಗಿ ಬಂದಿದ್ದ ಎಲ್ಲರೊಂದಿಗೆ ನಕ್ಕಿದ್ದಳು. ಐವತ್ತು ದಾಟಿದ ಆ ದೈಹಿಕ ಶಿಕ್ಷಣದ ಮೇಷ್ಟ್ರು ಪ್ಯಾಂಟನ್ನು ಮೇಲೆಳೆದುಕೊಂಡು, ಒಬ್ಬರ ಭುಜ ಹಿಡಿದು, ಬಲಗಾಲನ್ನು ಕುರ್ಚಿಯ ಮೇಲೆ ಊರಿ, ಎಡಗಾಲನ್ನು ಕುರ್ಚಿಯ ಪಕ್ಕದಿಂದ ಸುತ್ತಿಸಿ ಆಚೆ ಇಳಿದರು. "ಇದು ತಪ್ಪು" ಎಂದರು. "ಹಿಂದಿನ ಕಾಲು ತೊಲಿ ಮ್ಯಾಲಿಂದನಽ ಬರಬೇಕ್ರಿ. ತುದಿ ಬಾಜೂದಿಂದ, ತೊಲಿಗಿಂತ ಕೆಳಗ ಬಂತಂದ್ರ ಓಟಗಾರ ಹೊರಗ. ಗೆದ್ದಿದ್ರೂ ಹೊರಗ. ಇದನ್ನ ನೀರಿನ ಗುಂಡಿ ಹತ್ರ ನಿಂತೋರು ನೋಡಬೇಕು. ನೋಡಿದ ಕೂಡ್ಲೇ ಹಳದಿ ಬಾವುಟ ಎತ್ತಬೇಕು." ಉಳಿದವರ ನಗು ಇಳಿದ ಮೇಲೂ ಅಗ್ನೆಸ್‌ಳ ಮುಖದಲ್ಲಿ ಅದು ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಉಳಿದಿತ್ತು. ಎಡಗಾಲಿನ ಮೀನಖಂಡ ಒಳಗೇ ಒಮ್ಮೆ ಅದುರಿತು. ಮೇಷ್ಟ್ರು ಕುರ್ಚಿಯ ಪಕ್ಕದಿಂದ ತಂದ ಆ ಕಾಲು ಅವರದಾಗಿರಲಿಲ್ಲ, ಅದು ತನ್ನದು. ಇಪ್ಪತ್ತು ವರ್ಷಗಳ ಹಿಂದೆ ಯಾವುದೋ ದೂರದೂರಿನ ಕ್ರೀಡಾಂಗಣದಲ್ಲಿ, ರಾಜ್ಯಮಟ್ಟದ ಕೂಟದಲ್ಲಿ, ಅದೇ ಕಾಲು ಅದೇ ಬಗೆಯಲ್ಲಿ ತೊಲೆಯ ಹೊರಗಿನಿಂದ ಬೀಸಿಕೊಂಡು ಬಂದಿತ್ತು. ಆಗ ಯಾರೂ ಬಾವುಟ ಎತ್ತಿರಲಿಲ್ಲ. ಆ ಚಿನ್ನದ ಪದಕದ ಮೇಲೆ ದಾಂಡೇಲಿಯ ಮರಮಟ್ಟಿನ ನಾಟಾ ಡಿಪೋದಲ್ಲಿ ಕಾವಲುಗಾರ್ತಿಯ ಕೆಲಸ ಸಿಕ್ಕಿತ್ತು. ಕೆಲಸದ ಮೇಲೆ ಬದುಕು ನಿಂತಿತ್ತು. ಮೇಷ್ಟ್ರು ಕುರ್ಚಿಯಿಂದ ಇಳಿದು ಕೈ ಝಾಡಿಸಿ, "ನೀರಿನ ಗುಂಡಿ ಅಗ್ನೆಸ್ ಮೇಡಮ್ಮಗ ಬಿಡೂಣು. ಸ್ವತಃ ಈ ಓಟ ಗೆದ್ದು ಬಂದೋರು" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಡಿಪೋದಲ್ಲಿ ಅವಳನ್ನು ಯಾರೂ ಮೇಡಂ ಎಂದವರಿಲ್ಲ.

ಹಳಿಯಾಳದ ಆಚೆ, ಕಬ್ಬಿನ ಗದ್ದೆಗಳು ಮುಗಿದು ಕಾಡು ತೊಡಗುವಲ್ಲಿ ಅಗ್ನೆಸ್‌ಳ ವಾಡ, ಸಿದ್ದಿಗಳ ಪುಟ್ಟ ಕೇರಿ. ವಾಡದ ಹಿಂದೆ ಹಳ್ಳ. ದನ ದಾಟದಿರಲೆಂದು ಅವಳ ಅಪ್ಪನ ವಾರಗೆಯವರು ಹಳ್ಳದ ದಂಡೆಯ ಮೇಲೆ ಎರಡು ಕವಲುಗೂಟಗಳಿಗೆ ಅಡ್ಡಲಾಗಿ ಮತ್ತಿಮರದ ದಿಮ್ಮಿಯೊಂದನ್ನು ಇಟ್ಟಿದ್ದರು. ದನಗಳನ್ನು ಅದು ತಡೆಯಿತೋ ಇಲ್ಲವೋ, ವಾಡದ ಮಕ್ಕಳಿಗೆಲ್ಲ ಹಾರಲು ಕಲಿಸಿತು. ದಿಮ್ಮಿಯ ಆಚೆ ಹಳ್ಳದ ತುಂಬ ಚೂಪುಗಲ್ಲು. ಎಡತುದಿಯ ಕೆಳಗೆ ಮಾತ್ರ ಚಾಪೆಯಗಲದ ಮರಳು. ಹೀಗಾಗಿ ಹಾರುವವರೆಲ್ಲ ಎಡತುದಿಗೇ ಓಡಬೇಕು. ಆ ತುದಿಯಲ್ಲೋ ಕಡಿದ ಕೊಂಬೆಯ ಮೋಟೊಂದು ಮೇಲಕ್ಕೆ ಚಾಚಿಕೊಂಡಿತ್ತು. ಹಿಂದಿನ ಕಾಲನ್ನು ದಿಮ್ಮಿಯ ಮೇಲಿಂದ ತಂದರೆ ಅದು ಮೊಣಕಾಲ ಚಿಪ್ಪಿಗೆ ಬಡಿಯುವುದು ಖಂಡಿತ. ಬಲಗಾಲನ್ನು ದಿಮ್ಮಿಯ ಮೇಲೆ ಊರುವುದು, ಎಡಗಾಲನ್ನು ತುದಿಯ ಹೊರಗಿನಿಂದ ಬೀಸಿ ಮುಂದೆ ತರುವುದು, ಮರಳಿಗೆ ಬೀಳುವುದು: ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಅಣ್ಣ ಬಸ್ತ್ಯಾಂವ ಹಾಗೆಯೇ ಹಾರುತ್ತಿದ್ದ. ಅವಳೂ ಹಾಗೆಯೇ ಹಾರಿದಳು. ಮುಂದೆ ಬಸ್ತ್ಯಾಂವನ ಮಗಳು ರೀನಾ ಎಂಟರ ಹುಡುಗಿಯಾಗಿದ್ದಾಗ ಒಂದು ಭಾನುವಾರ, ಇಗರ್ಜಿಯ ಪೂಜೆಗೆ ಹಾಕಿಕೊಂಡಿದ್ದ ಬಿಳಿಯ ಫ್ರಾಕಿನಲ್ಲೇ ಓಡಿಬಂದು ಆ ದಿಮ್ಮಿಯನ್ನು ಹಾರಿದಾಗ, ದಂಡೆಯ ಮೇಲೆ ಕುಳಿತಿದ್ದ ಅಗ್ನೆಸ್ ತನ್ನದೇ ಕಾಲನ್ನು ಇನ್ನೊಂದು ಮೈಯಲ್ಲಿ ನೋಡಿದಂತಾಗಿ ಎದ್ದು ನಿಂತಿದ್ದಳು. ಅಲ್ಲಿಂದ ಹತ್ತು ವರ್ಷ, ರಜೆ ಸಿಕ್ಕಾಗಲೆಲ್ಲ ದಾಂಡೇಲಿಯಿಂದ ಬಸ್ಸು ಹಿಡಿದು ಬಂದು ಅವಳು ರೀನಾಳನ್ನು ಹಳ್ಳದ ದಂಡೆಯ ಮೇಲೆ ಓಡಿಸಿದ್ದಳು. ದಿಮ್ಮಿಯನ್ನು ಸರಿಸಬಹುದಿತ್ತು, ಮೋಟನ್ನು ಕಡಿಯಬಹುದಿತ್ತು. ಕಡಿಯಲಿಲ್ಲ. ಬದಲಿಗೆ ಆ ಬೀಸನ್ನೇ ಹೊಗಳಿದಳು. "ದಣಿದಾಗ ಕಾಲ ಎತ್ತಬ್ಯಾಡ, ಬೀಸು. ದಮ್ ಉಳೀತೈತಿ" ಎಂದು ಕಲಿಸಿದಳು.

ಬೆಳಗಿನ ಪಾಠ ಮುಗಿದು ಎಲ್ಲರೂ ಚಹಾದ ಕಡೆ ಹೊರಟಾಗ ಅವಳು ಮೇಷ್ಟ್ರ ಹಿಂದೆ ಹಿಂದೆ ಹೋದಳು. "ಸರ್, ಈ ಓಟದಾಗ ನಮ್ಮ ಅಣ್ಣನ ಮಗಳು ಓಡ್ತಾಳ್ರಿ. ನನ್ನ ಬ್ಯಾರೆ ಕಡೆ ಹಾಕ್ರಿ." ಮೇಷ್ಟ್ರು ನಿಂತು ಅವಳ ಮುಖ ನೋಡಿ, ಮಗುವೊಂದು ಏನೋ ಜಾಣತನ ಮಾಡಿದಂತೆ ಮುಗುಳ್ನಕ್ಕರು. "ಗೊತ್ತೈತ್ರಿ ನನಗ. ಬ್ಯಾರೆಯವರು ಯಾರದಾರ ಹೇಳ್ರಿ? ಅರ್ಧಾ ಮಂದಿ ಬಂದಿಲ್ಲ. ಮತ್ತ ನಿಮ್ಮ ಮಂದಿ ಸುಳ್ಳು ಹೇಳೂದಿಲ್ಲ, ಅದು ನನಗ ಖಾತ್ರಿ ಐತಿ." ನಿಮ್ಮ ಮಂದಿ. ಆ ಮಾತಿನಲ್ಲಿ ಕೇಡಿರಲಿಲ್ಲ; ಅದೇ ಅದರ ತೊಂದರೆ. ಡಿಪೋಗೆ ಬರುವ ಸಾಹೇಬರು ಅವಳ ಗುಂಗುರು ಕೂದಲನ್ನು ಮುಟ್ಟಿನೋಡಲೇ ಎಂದು ಕೇಳುವಾಗಲೂ ಕೇಡಿರುವುದಿಲ್ಲ. ಅವಳು "ಹೂಂ ಸರ್" ಎಂದಳು, ಎಂದಿನಂತೆ.

ಹಾಗಾದರೆ ಉಳಿದ ದಾರಿ ಒಂದೇ. ಹುಡುಗಿಗೆ ಹೇಳಬೇಕು. ಓಟಕ್ಕೆ ಇನ್ನೂ ಹೊತ್ತಿತ್ತು. ಗುಂಡಿಗೆ ನೀರು ತುಂಬಿಸಿ ನಿಂತಿದ್ದ ಟ್ಯಾಂಕರಿನ ನೆರಳಲ್ಲಿ ರೀನಾ ಬೂಟಿನ ದಾರ ಬಿಗಿಯುತ್ತಿದ್ದಳು. ಪಕ್ಕದಲ್ಲಿ ಬಸ್ತ್ಯಾಂವ, ಕಬ್ಬಿನ ಗದ್ದೆಯಿಂದ ನೇರವಾಗಿ ಬಂದವನು. ಸುಟ್ಟ ರವದಿಯ, ಕಬ್ಬಿನ ಒಣಸೋಗೆಯ, ಕರಿ ಅವನ ಉಗುರುಗಳಲ್ಲಿ ಇನ್ನೂ ಇತ್ತು. ಅವನಿಗೆ ಓಟದ ಬಗ್ಗೆ ಗೊತ್ತಿದ್ದದ್ದು ಇಷ್ಟು: ಇವತ್ತು ಮೊದಲು ಬಂದವಳೊಬ್ಬಳಿಗೆ ಮಾತ್ರ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಊಟ, ಓದು, ಬರದಿದ್ದರೆ ಮಗಳು ಅಗ್ನೆಸ್‌ಳ ಹಳೆಯ ಗೆಳತಿ ಶಬಾನಾಳ ಜೊತೆ ಗೋವಾದ ಮಡಗಾಂವಿಗೆ, ಹೊಟೇಲಿನ ಕೋಣೆ ಒರೆಸುವ ಕೆಲಸಕ್ಕೆ. ಮಾತು ಕೊಟ್ಟಾಗಿತ್ತು. "ಏನ್ರೀ ಅಂಪೈರ್ ಸಾಹೇಬರ," ಎಂದು ಅವನು ತಂಗಿಯ ಬಿಳಿ ಅಂಗಿ ನೋಡಿ ಚುಡಾಯಿಸಿದ, "ನಮ್ಮಂಥಾ ಬಡವರ ಕೂಡ ಮಾತಾಡಬಹುದೋ ಇಲ್ಲೋ?"

"ಅಪ್ಪಾ, ಅತ್ತಿನ ಕಾಡಬ್ಯಾಡ. ಮೊದಲಽ ಮಾರಿ ಸಣ್ಣದಾಗೈತಿ" ಎಂದಳು ರೀನಾ. "ಹೆದರಬ್ಯಾಡ ಅತ್ತಿ. ಸೋತ್ರ ಮಡಗಾಂವ್. ಹೊಟೇಲಿನ ಒಂದೊಂದು ಮೆಟ್ಟಲಾ ಹಾರಿ ಹಾರಿ ಒರಸ್ತೇನಿ. ಮಾಲಕಗೂ ಖುಷಿ."

ಅಗ್ನೆಸ್ ಕೂತುಕೊಂಡಳು. ಹೇಳಲು ಬೇಕಾದದ್ದು ಒಂದೇ ವಾಕ್ಯ: ನಾನು ಕಲಿಸಿದ್ದು ತಪ್ಪು, ಎಡಗಾಲು ತೊಲೆಯ ಮೇಲಿಂದ ತಾ. ಆದರೆ ಆ ವಾಕ್ಯದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುವುದು ನಿಶ್ಚಿತ. ಹಾಗಾದರೆ ನಿನ್ನ ಪದಕ? ವಾಡದ ಮನೆಯ ಗೋಡೆಯ ಮೇಲೆ, ಮರಿಯಮ್ಮನವರ ಚಿತ್ರದ ಪಕ್ಕ, ಗಾಜಿನ ಚೌಕಟ್ಟಿನಲ್ಲಿ ತೂಗುವ ಪದಕ. ಬಸ್ತ್ಯಾಂವ ಬಂದವರಿಗೆಲ್ಲ ನೀರು ಕೊಡುವ ಮೊದಲು ತೋರಿಸುವ ಪದಕ. ಅಣ್ಣನ ಮುಖ ಅವಳ ಪಕ್ಕದಲ್ಲೇ ಇತ್ತು, ನಗುತ್ತಿತ್ತು. "ರೀನಾ," ಎಂದಳು. "ನೀರಿನ ಗುಂಡಿಯಾಗ ನಡುವ ಹಾರು. ಎಡತುದಿಗೆ ಹೋಗಬ್ಯಾಡ."

"ಯಾಕ? ತುದೀನಽ ಸಲೀಸಂತ ನೀನಽ ಹೇಳೀದಿ."

"ಎಡಕ ಕೆಸರೈತಿ. ಜಾರ್ತೈತಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಹಗುರವೇ ಅವಳನ್ನು ಅಂಜಿಸಿತು. "ಆತು" ಎಂದಳು ರೀನಾ, ಅತ್ತೆ ಹೇಳಿದ ಮಾತನ್ನು ಎಂದೂ ಅಲ್ಲಗಳೆಯದ ಹುಡುಗಿ.

ದಾಂಡೇಲಿಯ ಬಂಗೂರನಗರದ ಕಡೆಯಿಂದ ಕಾಗದದ ಕಾರ್ಖಾನೆಯ ವಾಸನೆ ಗಾಳಿಯೊಂದಿಗೆ ಬಂದು ಹೋಯಿತು. ಅಗ್ನೆಸ್ ಮಡಚಿದ ಕರಿ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು, ಬಾವುಟವನ್ನು ಕೈಯಲ್ಲಿ ಹಿಡಿದು ಗುಂಡಿಯ ಎಡಬದಿಗೆ ನಿಂತಳು. ಇಳಿಜಾರಾದ ಸಿಮೆಂಟಿನ ತಳ. ಅದರ ಮೇಲೆ ತಿಳಿಯಾದ ನೀರು. ಒಂದು ಕಡ್ಡಿಯೂ ಇರಲಿಲ್ಲ. ನೀರಿನಂಚಿನಲ್ಲಿ ಬಿಳಿ ಬಣ್ಣದ ಅಡ್ಡತೊಲೆ, ನೆಲದಲ್ಲಿ ಹೂತ ಎರಡು ಕಂಬಗಳ ಮೇಲೆ. ಉಳಿದ ಹರ್ಡಲ್ ಓಟಗಳ ಹಾಗೆ ಇಲ್ಲಿ ಕಾಲು ತಾಗಿದರೆ ತೊಲೆ ಬೀಳುವುದಿಲ್ಲ, ಓಡುವವರೇ ಬೀಳುತ್ತಾರೆ. ಬೇಲಿಯ ಆಚೆ ನಿಂತಿದ್ದ ಪರಸಪ್ಪ, ಕಾರ್ಖಾನೆಯ ಕೆಲಸಗಾರ, ಧಾರವಾಡದ ಕಡೆಯವನು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಮಗಳು ಮಧುಮತಿಯನ್ನು ಹುಡುಕುತ್ತಿದ್ದ. "ಮೇಡಂ, ಸ್ವಲ್ಪ ಈ ಕಡೆ ಸರೀತೀರೇನ್ರಿ? ನೀವು ಅಡ್ಡ ಬಂದ್ರ ನನ್ನ ಮಗಳು ಅರ್ಧಾನಽ ಕಾಣ್ತಾಳ್ರಿ" ಎಂದ. ಅವಳು ಸರಿದಳು. "ಥ್ಯಾಂಕ್ಸ್ ರೀ. ಇವರವ್ವ ನೈಟ್ ಶಿಫ್ಟ್ ಮುಗಿಸಿ ಮಲಗ್ಯಾಳ್ರಿ. ವೀಡಿಯೊ ತರಲಿಲ್ಲಂದ್ರ ಮನ್ಯಾಗ ನನಗ ಊಟಿಲ್ಲ." ಆಗಲೇ ಪಿಸ್ತೂಲಿನ ಸದ್ದು ಕೇಳಿಸಿತು.

ಮೊದಲ ಸುತ್ತಿನಲ್ಲಿ ಹುಡುಗಿಯರೆಲ್ಲ ಒಟ್ಟಿಗೆ ಬಂದರು. ರೀನಾ ನಡುವೆ ಇದ್ದಳು. ತೊಲೆಯ ಮೇಲೆ ಹೆಜ್ಜೆಯಿಟ್ಟು, ಇಕ್ಕೆಲದ ಮೊಣಕೈಗಳ ನಡುವೆ ಎಡಗಾಲನ್ನು ನೆಟ್ಟಗೆ ಮೇಲಿಂದ ತಂದು ನೀರಿಗೆ ಇಳಿದಳು. ಶುದ್ಧ. ಇಳಿದು ಏಳುವಾಗ ಒಂದು ಕ್ಷಣ ಎಡಕ್ಕೆ ನೋಡಿದಳು. ಆ ನೋಟವನ್ನು ಅಗ್ನೆಸ್ ಕಂಡಳು. ಕೆಸರಿನ ಮೇಲೆ ಬೀಳಬೇಕಾಗಿದ್ದ ನೋಟ ತಿಳಿನೀರಿನ ಮೇಲೆ ಬಿದ್ದು, ತುಸು ತಡೆದು, ಮುಂದೆ ಹೋಯಿತು. ಎರಡನೆಯ ಸುತ್ತಿನಲ್ಲೂ ನಡುವೆಯೇ. ಮೂರನೆಯದರಲ್ಲೂ. ಇನ್ನು ನಾಲ್ಕೇ ಸಲ ದಾಟಬೇಕು, ದೇವರೇ, ನಾಲ್ಕೇ ಸಲ. ಗುಂಪು ಒಡೆದು ಉದ್ದವಾಯಿತು. ಮುಂದೆ ರೀನಾ, ಅವಳ ಬೆನ್ನಿಗೆ ನೆರಳು ತಾಗುವಷ್ಟು ಹತ್ತಿರ ಮಧುಮತಿ. ಪರಸಪ್ಪನ ಮಗಳು ಪುಸ್ತಕ ನೋಡಿ ಕಲಿತವಳಂತೆ ಪ್ರತಿ ಸಲವೂ ತೊಲೆಯ ನಟ್ಟನಡುವೆ, ಮೊಣಕಾಲು ಎತ್ತಿ, ಕಾಲನ್ನು ಮೇಲಿಂದಲೇ ತರುತ್ತಿದ್ದಳು. ಕಷ್ಟದ ದಾರಿ. ಅದು ದಣಿಸುತ್ತದೆ. ಆ ದಣಿವಿಗೂ ಒಂದು ಹೆಸರಿದೆಯೆಂದು ಅಗ್ನೆಸ್‌ಗೆ ಈ ನಲವತ್ತನೆಯ ವಯಸ್ಸಿನಲ್ಲಿ ಹೊಳೆಯುತ್ತಿತ್ತು: ಅದು ನಿಯಮ. ಶಬಾನಾ ಹಾಗೆಯೇ ಹಾರುತ್ತಿದ್ದಳಲ್ಲ. ಇಪ್ಪತ್ತು ವರ್ಷದ ಹಿಂದಿನ ಅದೇ ಕೂಟ, ಅದೇ ಓಟ, ಕೊನೆಯ ನೀರಿನ ಗುಂಡಿಯವರೆಗೆ ಇಬ್ಬರೂ ಭುಜಕ್ಕೆ ಭುಜ; ಶಬಾನಾ ಕಾಲನ್ನು ಎತ್ತಿದಳು, ಅಗ್ನೆಸ್ ಬೀಸಿದಳು, ಬೀಸಿದವಳು ಒಂದು ಹೆಜ್ಜೆ ಮುಂದೆ ಬಿದ್ದಳು, ಆ ಒಂದು ಹೆಜ್ಜೆಯೇ ಕೊನೆಯ ಗೆರೆಯವರೆಗೆ ಉಳಿಯಿತು. ಬೆಳ್ಳಿಯ ಪದಕಕ್ಕೆ ಯಾರೂ ಕೆಲಸ ಕೊಡಲಿಲ್ಲ. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಮಡಗಾಂವಿನ ಗಾಡಿ ಕಾಯುತ್ತ, ಚೀಲದ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತ ಶಬಾನಾ ಎಷ್ಟು ಸಲ ಹೇಳಿದ್ದಳು: "ನಿಂದು ಕಾಲಲ್ಲ ಬಿಡಽ ಅಗ್ನೆಸ್, ರೆಕ್ಕಿ. ನಾ ಹಿಂದಿಂದ ನೋಡೇನಿ." ಹಿಂದಿನಿಂದ ನೋಡಿದವಳು. ಕಂಡದ್ದನ್ನು ರೆಕ್ಕೆಯೆಂದು ತಿಳಿದವಳು. ಈಗ ಅದೇ ಶಬಾನಾ ರೀನಾಳಿಗೂ ಒಂದು ಕೆಲಸ ನೋಡಿಟ್ಟಿದ್ದಳು, ಪ್ರೀತಿಯಿಂದ.

ಐದನೆಯ ಸಲ ಬಂದಾಗ ರೀನಾಳ ಬಾಯಿ ತೆರೆದುಕೊಂಡಿತ್ತು. ಅವಳು ಇನ್ನೂ ನಡುವೆಯೇ ಹಾರಿದಳು, ಆದರೆ ಬೂಟಿನ ತುದಿ ತೊಲೆಗೆ ತಾಗಿ ಮುಗ್ಗರಿಸಿ, ನೀರಿಗೆ ಕೈಯೂರಿ ಎದ್ದಳು. ಜನ ಹೋ ಎಂದರು. ಅಗ್ನೆಸ್‌ಳ ಕಣ್ಣೆದುರು ಯಾಕೋ ಒಂದು ಕಂದು ಕುದುರೆ ಬಂತು. ಅವಳೂ ಶಬಾನಾಳೂ ಇದ್ದ ಕ್ರೀಡಾ ಹಾಸ್ಟೆಲಿನ ಟೀವಿಯಲ್ಲಿ ಒಂದು ಮಧ್ಯಾಹ್ನ ಕೋಚ್ ತೋರಿಸಿದ್ದರು: ಈ ಓಟ ಮೊದಲು ಕುದುರೆಗಳದು, ಸವಾರರು ಬೇಲಿ ಹಾರಿ, ಕಾಲುವೆ ಹಾರಿ ಒಂದೂರಿಂದ ಇನ್ನೊಂದೂರಿಗೆ ಪಂಥ ಕಟ್ಟಿ ಓಡಿಸುತ್ತಿದ್ದದ್ದು, ಅದನ್ನೇ ಮನುಷ್ಯರು ಕಾಲ ಮೇಲೆ ಓಡತೊಡಗಿದರು. ಪರದೆಯ ಮೇಲೆ ಕುದುರೆಗಳು ಪೊದೆಬೇಲಿಗಳನ್ನು ದಾಟುತ್ತಿದ್ದವು. ಕಂದು ಕುದುರೆ ನೀರಿನ ಹಳ್ಳದಾಚೆ ಇಳಿದದ್ದು ಕೂಡಲೇ ಏಳಲಿಲ್ಲ. ಎದ್ದರೂ ಒಂದು ಕಾಲು ನೆಲಕ್ಕೆ ಊರಲಿಲ್ಲ. ಎಲ್ಲಿಂದಲೋ ಜನ ಓಡಿಬಂದು ಅದರ ಸುತ್ತ ಹಸಿರು ಪರದೆ ಹಿಡಿದರು, ಕುದುರೆ ಕಾಣಿಸದಾಯಿತು. ಉಳಿದ ಕುದುರೆಗಳು ಮತ್ತೊಂದು ಸುತ್ತು ಬಂದು ಆ ಪರದೆಯ ಪಕ್ಕದಿಂದಲೇ ಹಾಯ್ದುಹೋದವು. "ಒಳಗ ಏನ್ ಮಾಡ್ತಾರ್ರಿ ಸರ್?" ಎಂದು ಶಬಾನಾ ಕೇಳಿದ್ದಳು. "ಮುರಿದ ಕಾಲಿಗೆ ಔಷಧ ಇಲ್ಲವ್ವಾ" ಎಂದಿದ್ದರು ಕೋಚ್. "ಕೊಲ್ಲೂದು ಮಂದಿ ನೋಡಬಾರದಂತ ಪರದಿ." ಆಮೇಲೆ ಶಬಾನಾಳೇ, "ನಮಗೂ ಹಂಗಽ ಪರದಿ ಹಿಡೀತೀರೇನ್ರಿ ಸರ್?" ಎಂದು ನಗಿಸಿದ್ದಳು. ಅಗ್ನೆಸ್ ಈ ಕತೆಯನ್ನು ರೀನಾಳಿಗೆ ಹಳ್ಳದ ದಂಡೆಯ ಮೇಲೆ ಎಷ್ಟೋ ಸಲ ಹೇಳಿದ್ದಳು. ಯಾಕೆ ಹೇಳಿದಳೋ ತಿಳಿಯದು. ಹುಡುಗಿ ಪ್ರತಿ ಸಲ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಆರನೆಯ ಸುತ್ತು ಹೇಗೋ ದಾಟಿತು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಮಧುಮತಿ ರೀನಾಳ ಪಕ್ಕಕ್ಕೆ ಬಂದಿದ್ದಳು. ದೂರದ ತಿರುವಿನಿಂದ ಇಬ್ಬರೂ ಒಂದೇ ಮೈಯಂತೆ ಹತ್ತಿರವಾಗುತ್ತ ಬಂದರು. ಬಲಕ್ಕೆ ಮಧುಮತಿ. ನಡುಜಾಗ ಅವಳದಾಯಿತು. ಎಡಕ್ಕೆ ಸರಿಯದೆ ರೀನಾಳಿಗೆ ದಾರಿಯಿರಲಿಲ್ಲ. ಇತ್ತೋ ಏನೋ, ಒಂದು ಹೆಜ್ಜೆ ಹಿಂದೆ ಬಿದ್ದು ಬಲಕ್ಕೆ ಹೋಗಬಹುದಿತ್ತು, ಆದರೆ ಎಡಬದಿಯಲ್ಲಿ ಕೆಸರಿಲ್ಲವೆಂದು ಅವಳು ಮೊದಲ ಸುತ್ತಿನಲ್ಲೇ ತನ್ನ ಕಣ್ಣಿನಿಂದ ನೋಡಿಕೊಂಡಿದ್ದಳು. ಸುಳ್ಳೆಂದು ತಿಳಿದ ಮಾತಿಗೆ ಕಾಲು ಯಾಕೆ ಹೆದರಬೇಕು? ಬಲಗಾಲು ತೊಲೆಯ ಎಡತುದಿಯ ಮೇಲೆ ಊರಿತು. ಎಡಗಾಲು ಕೆಳಗೆ ಜೋತು, ಬಿಳಿ ಕಂಬದ ಹೊರಗಿನಿಂದ, ಅಗ್ನೆಸ್‌ಳ ಮೊಣಕೈಯಷ್ಟು ಸಮೀಪದಲ್ಲಿ, ಗಾಳಿಯನ್ನು ಕೊಯ್ಯುತ್ತ ಬೀಸಿಕೊಂಡು ಬಂತು. ಎಷ್ಟು ಚೆಂದವಿತ್ತು ಅದು. ಇಲ್ಲದ ಮೋಟನ್ನು ತಪ್ಪಿಸಿ, ಇಲ್ಲದ ಮರಳಿನ ಕಡೆಗೆ. ನೀರು ಸಿಡಿದು ಅಗ್ನೆಸ್‌ಳ ಮುಖಕ್ಕೆ ಬಿತ್ತು. ರೀನಾ ಒಂದು ಹೆಜ್ಜೆ ಮುಂದಿದ್ದಳು.

ನೋಡಿದ ಕೂಡಲೇ ಎತ್ತಬೇಕು. ಅವಳು ಎತ್ತಲಿಲ್ಲ. ಕೈ ತೊಡೆಯ ಪಕ್ಕದಲ್ಲಿತ್ತು, ಬಾವುಟದ ಕೋಲು ಬೆವರಿನಲ್ಲಿ ಜಾರುತ್ತಿತ್ತು. ತಿರುವು ಮುಗಿದು ನೇರ ಹಾದಿಯಲ್ಲಿ ರೀನಾ ಓಡುತ್ತಿದ್ದಳು. ಯಾರೂ ಈ ಕಡೆ ನೋಡುತ್ತಿರಲಿಲ್ಲ, ಜಗತ್ತೇ ಕೊನೆಯ ಗೆರೆಯ ಕಡೆ ಕುತ್ತಿಗೆ ಚಾಚಿತ್ತು. ಹೀಗೆಯೇ ಅಲ್ಲವೇ ಅಂದೂ ಆದದ್ದು? ಅಂದು ಗುಂಡಿಯ ಬಳಿ ನಿಂತವರೂ ಕುತ್ತಿಗೆ ಚಾಚಿದ್ದರೋ, ಅಥವಾ ಕಂಡೂ ಹೀಗೆಯೇ ಕೈ ಬಿಗಿಹಿಡಿದು, ಕಾಡಿನ ಕಡೆಯ ಹುಡುಗಿ, ಹೋಗಲಿ ಬಿಡು ಎಂದುಕೊಂಡರೋ? ಆ ಕರುಣೆಯ ಮೇಲೆ ತಾನು ಇಪ್ಪತ್ತು ವರ್ಷ ಅನ್ನ ಉಂಡಿರಬಹುದೆಂಬುದು ಅವಳಿಗೆ ಹೊಸ ಅವಮಾನವಾಗಿ ತೋರಿತು. ಬೇಲಿಯ ಆಚೆ ಪರಸಪ್ಪ ಮೊಬೈಲು ಇಳಿಸಿದ. ಅವನು ನೋಡಿದ್ದು ಮಗಳನ್ನಷ್ಟೇ. "ಮುಗೀತ್ ಬಿಡ್ರಿ ಮೇಡಂ, ನಮ್ಮಾಕೀಗೆ ಎರಡನೇದು" ಎಂದ, ಬೇಸರವನ್ನು ನಗುವಿನಲ್ಲಿ ಸುತ್ತಿ. ತನ್ನ ನೀರಿನ ಬಾಟಲಿಯನ್ನು ಬೇಲಿಯ ಮೇಲಿಂದ ಅವಳಿಗೆ ಚಾಚಿದ. "ತಗೋರಿ, ಬಾಯಿ ಒಣಗಿರಬೇಕು. ನಿಮ್ಮೋರ ಕೂಡ ಓಡಿ ಗೆಲ್ಲೂದು ನಮ್ಮ ಹುಡುಗ್ಯಾರಿಗೆ ಆಗೂ ಮಾತೇನ್ರಿ? ನಿಮ್ಮ ಕಾಲಽ ಬ್ಯಾರೆ. ಹುಟ್ಟಾನಽ ಬಂದದ್ದು."

ಹುಟ್ಟಿನಿಂದ ಬಂದದ್ದು. ಹಳ್ಳದ ದಂಡೆ, ಚಳಿಯ ಬೆಳಗುಗಳು, ತರಚಿದ ಮೊಣಕಾಲುಗಳು, ಬಸ್ಸಿನಲ್ಲಿ ನಿಂತು ಬಂದ ಭಾನುವಾರಗಳು, ಎಲ್ಲ ಆ ಒಂದು ಮಾತಿನಲ್ಲಿ ಅಳಿಸಿಹೋದವು, ತಪ್ಪೂ ಅಳಿಸಿಹೋಯಿತು. ಅವಳ ಕೈ ಮೇಲೆದ್ದಿತು. ಪ್ರಾಮಾಣಿಕತೆಯಿಂದ ಎದ್ದಿತೋ, ಆ ಮಾತಿನ ಮೇಲಿನ ಸಿಟ್ಟಿನಿಂದ ಎದ್ದಿತೋ, ಇಪ್ಪತ್ತು ವರ್ಷ ಹಿಂದಿನ ಒಬ್ಬ ಹುಡುಗಿಯನ್ನು ಹಿಡಿದು ನಿಲ್ಲಿಸಲು ಎದ್ದಿತೋ, ಮುಂದೆ ಎಷ್ಟೋ ಸಲ ಕೇಳಿಕೊಂಡರೂ ಅವಳಿಗೆ ತಿಳಿಯಲಿಲ್ಲ. ತಲೆಯ ಮೇಲೆ ಹಳದಿ ಬಟ್ಟೆ ಬಿಚ್ಚಿಕೊಂಡಿತು. ಅದೇ ಹೊತ್ತಿಗೆ ದೂರದಲ್ಲಿ ರೀನಾ ಎರಡೂ ಕೈ ಎತ್ತಿ ಗೆರೆ ದಾಟಿದಳು. ಪರಸಪ್ಪನ ಬಾಟಲಿ ಬೇಲಿಯ ಮೇಲೆ ಹಾಗೇ ಉಳಿಯಿತು.

ಮಹಾಬಳೇಶ್ವರ ಸರ್ ಏದುಸಿರು ಬಿಡುತ್ತ ಬಂದರು. "ಯಾರಿಗ್ರಿ?"

"ರೀನಾ ಸಿದ್ದಿಗೆ."

ಅವರು ಅವಳ ಮುಖವನ್ನೂ ಬೇಲಿಯಾಚೆ ಪರಸಪ್ಪನನ್ನೂ ನೋಡಿ ದನಿ ತಗ್ಗಿಸಿದರು. "ತಡಾ ಮಾಡಿ ಎತ್ತೀರಿ. ಬ್ಯಾರೆ ಯಾರೂ ನೋಡಿಲ್ಲ. ಒಂದ್ ಸಲ ವಿಚಾರ ಮಾಡ್ರಿ ಮೇಡಂ. ಕಣ್ಣಿಗೆ ಬಿಸಲು ಹೊಡದಿರಬಹುದು."

ಬಾಗಿಲು ಇನ್ನೂ ತೆರೆದೇ ಇತ್ತು. ಅಷ್ಟು ಒಳ್ಳೆಯ ಮನುಷ್ಯ, ಅದನ್ನು ಅವರೇ ಕೈಯಾರೆ ಹಿಡಿದು ನಿಂತಿದ್ದರು. "ಎಡಗಾಲು ತುದಿ ಹೊರಗಿಂದ ಬಂತ್ರಿ. ತೊಲಿಗಿಂತ ಕೆಳಗ" ಎಂದಳು ಅಗ್ನೆಸ್. "ಚೊಲೋತಂಗ ನೋಡೇನ್ರಿ." ಇನ್ನೊಂದು ಮಾತು ನಾಲಿಗೆಯ ತುದಿಯವರೆಗೆ ಬಂತು, ಹಾಗೆ ಹಾರುವುದನ್ನು ಕಲಿಸಿದವಳು ನಾನೇ ಎಂಬ ಮಾತು. ಅದು ಅಲ್ಲೇ ನಿಂತಿತು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಅವಳ ಭುಜ ತಟ್ಟಿದರು. "ಮುಂಜಾನೆನಽ ಹೇಳಿದ್ನಲ್ಲ ನಾ. ನಿಮ್ಮ ಮಂದಿ ಸುಳ್ಳು ಹೇಳೂದಿಲ್ಲ." ಮುಂಜಾನೆ. ಟ್ಯಾಂಕರಿನ ನೆರಳು. ಕೆಸರು. ಅವಳು ತಲೆ ತಗ್ಗಿಸಿದಳು. ಅದನ್ನು ಅವರು ವಿನಯವೆಂದು ತಿಳಿದರು.

ಧ್ವನಿವರ್ಧಕದಲ್ಲಿ ಹೆಸರು ಬದಲಾಯಿತು. ಪರಸಪ್ಪ ಕುಣಿಯಲಿಲ್ಲ, ಮೊಬೈಲು ಜೇಬಿಗಿಟ್ಟು, ಅವಳ ಕಡೆ ನೋಡದೆ, ಮಗಳಿರುವ ಕಡೆಗೆ ಬೇಗ ಬೇಗ ನಡೆದ. ಬಸ್ತ್ಯಾಂವ ಮೈದಾನವನ್ನು ಅಡ್ಡಲಾಗಿ ದಾಟಿ ಬಂದ. "ಅಗ್ನೆಸ್, ನೀ ಎತ್ತೀದೇನು?" ಎಂದ. ಅವಳು ಹೂಂ ಎಂದಳು. ಬಯ್ಯಬಹುದಿತ್ತು, ಮುಖಕ್ಕೆ ಉಗುಳಬಹುದಿತ್ತು. ಅವನು ಬಾವುಟವನ್ನು ಸ್ವಲ್ಪ ಹೊತ್ತು ನೋಡಿ, ಕರಿ ಹತ್ತಿದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಹಳಿಯಾಳ ಬಸ್ಸಿಂದ ಹೊತ್ತಾತು. ಆಕಿಗೆ ಲಗೂನ ಬಾ ಅನ್ನು" ಎಂದು ಹೊರಟುಹೋದ. ತೋರಿಸಲು ಮನೆಯಲ್ಲಿ ಪದಕವೊಂದು ಇನ್ನೂ ಇದೆಯೆಂದು ನಂಬಿದವನ ನಡಿಗೆ.

ರೀನಾ ನೇರವಾಗಿ ಗುಂಡಿಗೇ ಬಂದಳು. ಬೂಟು ಸಮೇತ ನೀರಿಗಿಳಿದು, ತೊಲೆಯ ಬುಡಕ್ಕೆ ನಡೆದು, ಎಡಬದಿಯ ತಳವನ್ನು ಕಾಲಿನಿಂದ ಮೆಲ್ಲಗೆ ಸವರಿ ನೋಡಿದಳು. ಇನ್ನೊಮ್ಮೆ ಸವರಿದಳು. ಅವಳ ಭುಜಗಳು ಅಲುಗಾಡುತ್ತಿದ್ದವು. ಬೇಲಿಯ ಬಳಿ ಕಾಲೇಜಿನ ಹುಡುಗರು ಸೇರತೊಡಗಿದರು. ಒಂದು ಮೊಬೈಲು ಮೇಲೆದ್ದಿತು, ಮತ್ತೆರಡು ಎದ್ದವು. ಅಗ್ನೆಸ್‌ಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯುವ ಮೊದಲೇ ಅವಳು ಬಾವುಟವನ್ನು ಹುಲ್ಲಿಗೆ ಎಸೆದು, ಕೊಡೆ ಬಿಚ್ಚಿ, ನೀರಿಗಿಳಿದು, ಅದನ್ನು ಹುಡುಗಿಗೂ ಬೇಲಿಗೂ ನಡುವೆ ಅಡ್ಡ ಹಿಡಿದು ನಿಂತಿದ್ದಳು. ಕೊಡೆಯ ಒಳಗಿನ ಕಪ್ಪು ನೆರಳಿನಲ್ಲಿ ಇಬ್ಬರೇ. ಹುಡುಗಿಯ ಉಸಿರು ಬಿಸಿಯಾಗಿ ಅವಳ ಕತ್ತಿಗೆ ತಾಗುತ್ತಿತ್ತು.

"ಕೆಸರ ಎಲ್ಲಿತ್ತು ಅತ್ತಿ?"

ಅಗ್ನೆಸ್ ಕೊಡೆಯನ್ನು ಇನ್ನಷ್ಟು ತಗ್ಗಿಸಿ ಹಿಡಿದಳು.

"ಕಾಲ ಹೊರಗ ತರಬ್ಯಾಡ ಅಂದಿದ್ರ ತರ್ತಿದ್ದಿಲ್ಲ ನಾ. ನೀ ಹೇಳಿದ್ದು ಯಾವಾಗ ಕೇಳಿಲ್ಲ? ನಿನಗ ಗೊತ್ತಿತ್ತು. ಗೊತ್ತಿದ್ದಽ ಕೆಸರ ಅಂದಿ." ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯಲಾರದ್ದನ್ನು ತಿಳಿಯಲು ಹೆಣಗುವ ಮಗುವಿನ ದನಿ ಅದು. ಆಮೇಲೆ ಮುಖ ಒರೆಸಿಕೊಂಡಳು. ಒರೆಸಿಕೊಳ್ಳುತ್ತ ಅತ್ತೆಯ ಕಾಲುಗಳನ್ನು ನೋಡಿದಳು, ಎಡಗಾಲನ್ನು, ತುಸು ಹೆಚ್ಚೇ ಹೊತ್ತು. ಆ ನೋಟ ಮೇಲೆದ್ದಾಗ ಅದರಲ್ಲಿ ಪ್ರಶ್ನೆ ಇರಲಿಲ್ಲ, ಉತ್ತರ ಸಿಕ್ಕಿತ್ತು. "ಅಪ್ಪಗ ಹೇಳೂದಿಲ್ಲ" ಎಂದಳು ಮೆಲ್ಲಗೆ. ಕೊಡೆಯ ಹಿಡಿಯ ಮೇಲೆ ರೀನಾಳ ತಣ್ಣನೆಯ ಕೈ ಬಂದು, ಅದನ್ನು ಪಕ್ಕಕ್ಕೆ ಸರಿಸಿತು.

"ಪರದಿ ತಗಿ ಅತ್ತಿ. ನಾ ಕುದುರಿ ಅಲ್ಲ."

ಅವಳು ನೀರಿನಿಂದ ಮೇಲೆ ಬಂದು, ಮೊಬೈಲು ಹಿಡಿದವರ ನಡುವಿನಿಂದಲೇ, ಬೂಟಿನಲ್ಲಿ ನೀರು ಪಚಪಚನೆ ಸದ್ದು ಮಾಡುತ್ತಿರಲು, ತಲೆ ಎತ್ತಿ ನಡೆದುಹೋದಳು. ಹುಡುಗರು ದಾರಿ ಬಿಟ್ಟರು.

ಸಂಜೆಯ ಬಿಸಿಲು ಮೈದಾನದ ಆಚೆಯ ಸಾಗವಾನಿ ಮರಗಳ ಮೇಲೆ ಕುಳಿತಾಗ ಶಾಮಿಯಾನ ಬಿಚ್ಚುವವರ ಸದ್ದಷ್ಟೇ ಉಳಿದಿತ್ತು. ಅಗ್ನೆಸ್ ಬಾವುಟವನ್ನು ಎತ್ತಿಕೊಳ್ಳಲು ಬಗ್ಗಿದವಳು ಎತ್ತಿಕೊಳ್ಳದೆ ಚಪ್ಪಲಿ ಕಳಚಿದಳು. ಪ್ಯಾಂಟನ್ನು ಮೊಣಕಾಲಿಗೆ ಮಡಚಿದಳು. ಒಮ್ಮೆ, ಒಂದೇ ಒಂದು ಸಲ, ನಡುವೆ ಹಾರಿ, ಕಾಲನ್ನು ಮೇಲಿಂದ ತಂದು ನೋಡಬೇಕು. ಸರಿಯಾದದ್ದು ಹೇಗಿರುತ್ತದೆಂದು ಮೈಗಾದರೂ ತಿಳಿಯಲಿ. ಹಿಂದೆ ಸರಿದು, ತೊಲೆಯ ನಟ್ಟನಡುವಿನ ಬಿಳಿಯ ಮೇಲೆ ಕಣ್ಣು ನೆಟ್ಟು ಓಡಿದಳು. ಎದೆ ಹೊಡೆದುಕೊಂಡಿತು, ತೊಡೆಗಳು ಹಳೆಯ ಲೆಕ್ಕವನ್ನು ಒಂದೊಂದಾಗಿ ನೆನಪಿಸಿಕೊಂಡವು, ಮತ್ತು ಕಣ್ಣು ನಡುವಿನಿಂದ ಕದಲದಿದ್ದರೂ ಹೆಜ್ಜೆಗಳು ಯಾವಾಗಲೋ ಎಡಕ್ಕೆ ಹೊರಳಿದ್ದವು. ಬಲಪಾದ ತುದಿಯ ಮೇಲೆ ಬಿತ್ತು. ಎಡಗಾಲು, ಅವಳನ್ನು ಕೇಳದೆ, ಕಂಬದ ಹೊರಗಿನಿಂದ, ತೊಲೆಗಿಂತ ಕೆಳಗಿನಿಂದ, ಅಂದಿನಷ್ಟೇ ಹಗುರವಾಗಿ ಬೀಸಿಕೊಂಡು ಬಂತು. ಅವಳು ಮೊಣಕಾಲೂರಿ ನೀರಿಗೆ ಬಿದ್ದಳು. ನೀರು ಕದಡಿ, ಮತ್ತೆ ತಿಳಿಯಾಯಿತು. ದಂಡೆಯ ಮೇಲೆ ಅವಳು ಓಟದುದ್ದಕ್ಕೂ ನಿಂತಿದ್ದ ಜಾಗ ಖಾಲಿಯಿತ್ತು. ಹಳದಿ ಬಾವುಟ ಅಲ್ಲೇ ಹುಲ್ಲಿನ ಮೇಲೆ ಬಿದ್ದಿತ್ತು. ಅದನ್ನು ಎತ್ತಬೇಕಾದ ಕೈ ನೀರಿನಲ್ಲಿತ್ತು.